ಪಾಠ ಹೇಳುತ್ತಲೇ ಮುಂದೆ ಓದುವವರಿಗೆ: ಸಾಹಿತ್ಯದ ತರಗತಿಯಲ್ಲಿ ಮಾನವ ಹಕ್ಕುಗಳು

ಶಾಲೆಯಲ್ಲಿ ಪಾಠ ಹೇಳುವ ಅನೇಕರ ಮನಸ್ಸಿನಲ್ಲಿ ಒಂದು ಆಸೆ ಹಾಗೇ ಉಳಿದುಬಿಟ್ಟಿರುತ್ತದೆ. ಇನ್ನೂ ಓದಬೇಕು, ಎಂ.ಎ. ಮುಗಿಸಬೇಕು, ಸಾಧ್ಯವಾದರೆ ಪಿಎಚ್.ಡಿ. ಮಾಡಬೇಕು ಎಂಬ ಆಸೆ. ಆದರೆ ಬೆಳಗಿನಿಂದ ಸಂಜೆಯವರೆಗೆ ತರಗತಿ. ಅದರ ಮೇಲೆ ಉತ್ತರಪತ್ರಿಕೆಗಳು, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸ. ಮನೆಗೆ ಬಂದರೆ ಮನೆಯ ಜವಾಬ್ದಾರಿ. ಓದುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸಿಗದೆ ವರ್ಷಗಳು ಕಳೆದುಹೋಗುತ್ತವೆ.

ಇನ್ನೊಂದು ಕಡೆ, ಮಕ್ಕಳಿಗೆ ಮಾನವ ಹಕ್ಕುಗಳ ಬಗ್ಗೆ ತಿಳಿವಳಿಕೆ ಕೊಡಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸಾಮಾನ್ಯವಾಗಿ ಅದು ಡಿಸೆಂಬರ್ 10ರಂದು ಒಂದು ಪ್ರಬಂಧ ಸ್ಪರ್ಧೆ, ಒಂದು ಭಾಷಣ, ಒಂದು ಪ್ರತಿಜ್ಞೆ ಇಷ್ಟರಲ್ಲಿ ಮುಗಿಯುತ್ತದೆ. ಭಾಷೆಯ ಪಾಠ ಹೇಳುವವರಿಗೆ ಇದು ತಮ್ಮದಲ್ಲದ ಕೆಲಸ, ಸಮಾಜ ವಿಜ್ಞಾನದವರು ನೋಡಿಕೊಳ್ಳಲಿ ಎನಿಸುವುದೂ ಉಂಟು.

ಈ ಎರಡು ಹೊರೆಗಳನ್ನು ಬೇರೆ ಬೇರೆಯಾಗಿ ಹೊತ್ತರೆ ಭಾರ. ಒಟ್ಟಿಗೆ ಕಟ್ಟಿದರೆ ಹಗುರ. ಕತೆ, ಕಾದಂಬರಿ, ನಾಟಕಗಳ ಮೂಲಕ ಮಾನವ ಹಕ್ಕುಗಳನ್ನು ಕಲಿಸುವ ಅಧ್ಯಾಪಕರಿಗೆ ತರಗತಿಯೇ ಉನ್ನತ ವ್ಯಾಸಂಗದ ಸಿದ್ಧತೆಯಾಗುತ್ತದೆ. ಅದು ಹೇಗೆ, ಅದರಲ್ಲಿ ಎಚ್ಚರ ವಹಿಸಬೇಕಾದದ್ದು ಏನು, ಮುಂದೆ ಓದಲು ಇರುವ ದಾರಿಗಳು ಯಾವುವು ಎಂಬುದನ್ನು ಇಲ್ಲಿ ನೋಡೋಣ.

ಹಕ್ಕು ಎಂದರೇನು?

ಮೊದಲು ಮಾತಿನ ಅರ್ಥ ಸ್ಪಷ್ಟವಾಗಲಿ. ಎರಡನೆಯ ಮಹಾಯುದ್ಧದ ಘೋರವನ್ನು ಕಂಡ ಜಗತ್ತು 1948ರ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 30 ವಿಧಿಗಳಿವೆ. 48 ರಾಷ್ಟ್ರಗಳು ಪರವಾಗಿ ಮತ ಹಾಕಿದವು, 8 ರಾಷ್ಟ್ರಗಳು ತಟಸ್ಥವಾಗಿ ಉಳಿದವು, ವಿರೋಧವಾಗಿ ಒಂದು ಮತವೂ ಬೀಳಲಿಲ್ಲ.

ಭಾಷಾ ಅಧ್ಯಾಪಕರು ಮರೆಯಬಾರದ ಒಂದು ಸಂಗತಿ ಈ ಘೋಷಣೆಯ ಹಿಂದಿದೆ. ಕರಡಿನ ಮೊದಲ ವಿಧಿಯಲ್ಲಿ ಇಂಗ್ಲಿಷಿನ 'ಮೆನ್' ಎಂಬ ಪದವಿತ್ತು. ಪುರುಷರು ಎಂದೂ ಅರ್ಥ ಕೊಡುವ ಆ ಪದ ಬೇಡವೆಂದು ಭಾರತದ ಪ್ರತಿನಿಧಿ ಹಂಸಾ ಮೆಹತಾ ಪಟ್ಟುಹಿಡಿದರು. ಅದರ ಜಾಗದಲ್ಲಿ ಎಲ್ಲ ಮನುಷ್ಯರನ್ನೂ ಒಳಗೊಳ್ಳುವ 'ಹ್ಯೂಮನ್ ಬೀಯಿಂಗ್ಸ್' ಎಂಬ ಮಾತು ಬಂತು. ಒಂದು ಪದ ಬದಲಾದದ್ದರಿಂದ ಜಗತ್ತಿನ ಅರ್ಧದಷ್ಟು ಜನ ಸ್ಪಷ್ಟವಾಗಿ ಆ ವಾಕ್ಯದ ಒಳಗೆ ಬಂದರು. ಪದಗಳ ಬಗ್ಗೆ ಪಾಠ ಹೇಳುವವರಿಗೂ ಹಕ್ಕುಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಇದೊಂದು ಉದಾಹರಣೆ ಸಾಕು.

ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದರ 14ನೆಯ ವಿಧಿ ಸಮಾನತೆಯನ್ನೂ, 17ನೆಯ ವಿಧಿ ಅಸ್ಪೃಶ್ಯತೆಯ ನಿಷೇಧವನ್ನೂ, 21ನೆಯ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನೂ, 23ನೆಯ ವಿಧಿ ಬಲವಂತದ ದುಡಿಮೆಯ ನಿಷೇಧವನ್ನೂ ಹೇಳುತ್ತದೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಜೀವ, ಸ್ವಾತಂತ್ರ್ಯ, ಸಮಾನತೆ, ವ್ಯಕ್ತಿಯ ಘನತೆ ಈ ನಾಲ್ಕನ್ನು ಆಧಾರವಾಗಿಟ್ಟುಕೊಂಡು ಮಾನವ ಹಕ್ಕುಗಳನ್ನು ವಿವರಿಸುತ್ತದೆ. ಅದೇ ವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾಯಿತು.

ಈ ನಾಲ್ಕು ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಬಹುದು. ಪರೀಕ್ಷೆಯಲ್ಲಿ ಮಕ್ಕಳು ಸರಿಯಾಗಿಯೇ ಬರೆಯುತ್ತಾರೆ. ಆದರೆ 'ಘನತೆ' ಎಂಬುದು ಕಳೆದುಹೋದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವುದು ಸಾಹಿತ್ಯ.

ಒಂದು ಪಾಠದ ಮಾದರಿ

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತೆಗೆದುಕೊಳ್ಳೋಣ. 1933ರ ಈ ಕಾದಂಬರಿಯನ್ನು ಓದದವರು ಬಿ.ವಿ. ಕಾರಂತರು ಅದನ್ನು ಆಧರಿಸಿ 1975ರಲ್ಲಿ ತೆಗೆದ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಚಲನಚಿತ್ರವನ್ನಾದರೂ ನೋಡಿರಬಹುದು. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ. ಉಳಲು ಭೂಮಿ ಇಲ್ಲ. ಒಡೆಯನಿಂದ ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ತಾನೂ ಬೇಸಾಯಗಾರನಾಗಬೇಕು ಎಂಬುದೇ ಅವನ ಬದುಕಿನ ಆಸೆ. ಅಸ್ಪೃಶ್ಯನೆನಿಸಿಕೊಂಡವನು ಬೇಸಾಯ ಮಾಡಬಾರದು ಎಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಅವನ ಮಕ್ಕಳು ಕಾಫಿ ತೋಟದ ದುಡಿಮೆಗೆ ಹೋಗುತ್ತಾರೆ. ಕೊನೆಗೆ ಅವನಿಗೆ ಉಳಿಯುವುದು ದುಡಿಯೊಂದೇ.

ಇದನ್ನು ಎರಡು ಪೀರಿಯಡ್‌ಗಳಲ್ಲಿ, ನಾಲ್ಕು ಹಂತಗಳಲ್ಲಿ ಪಾಠ ಮಾಡಬಹುದು.

ಮೊದಲನೆಯದು ಓದು. ಒಂದು ಭಾಗವನ್ನು ನೀವೇ ಗಟ್ಟಿಯಾಗಿ ಓದಿ. ನಡುವೆ ನಿಲ್ಲಿಸಿ ನೀತಿ ಹೇಳಬೇಡಿ. ಹಕ್ಕು ಎಂಬ ಪದವನ್ನು ಇನ್ನೂ ಎತ್ತಬೇಡಿ.

ಎರಡನೆಯದು ಪ್ರಶ್ನೆ. "ಇಲ್ಲಿ ಏನು ಅನ್ಯಾಯವಾಗಿದೆ?" ಎಂದು ಮೊದಲೇ ಕೇಳಿದರೆ ಮಕ್ಕಳು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. "ಚೋಮನಿಗೆ ಏನು ಬೇಕಾಗಿತ್ತು?" ಎಂದು ಕೇಳಿ. ಹಣವೇ, ಮನೆಯೇ, ಮರ್ಯಾದೆಯೇ, ಗದ್ದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮಕ್ಕಳು ಚೋಮನನ್ನು ಪಾಪದ ಮನುಷ್ಯ ಎಂದು ನೋಡುವುದನ್ನು ಬಿಟ್ಟು, ತಮ್ಮ ಹಾಗೆಯೇ ಆಸೆಯುಳ್ಳ ಮನುಷ್ಯ ಎಂದು ನೋಡತೊಡಗುತ್ತಾರೆ. ಕನಿಕರಕ್ಕೂ ಹಕ್ಕಿಗೂ ಇರುವ ವ್ಯತ್ಯಾಸ ಇಲ್ಲಿಯೇ ತಿಳಿಯುತ್ತದೆ. ಕನಿಕರವನ್ನು ಕೊಡುವುದು ಬಿಡುವುದು ಕೊಡುವವನ ಇಚ್ಛೆ. ಹಕ್ಕು ಹಾಗಲ್ಲ.

ಮೂರನೆಯದು ಕಾನೂನು. ಈಗ ಸಂವಿಧಾನದ 17 ಮತ್ತು 23ನೆಯ ವಿಧಿಗಳನ್ನು ಓದಿಸಿ. ಜೀತ ಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯನ್ನು ತಿಳಿಸಿ. ಕಾದಂಬರಿಯ ಯಾವ ಪ್ರಸಂಗಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ಮಕ್ಕಳೇ ಜೋಡಿಸಲಿ.

ನಾಲ್ಕನೆಯದು ಮರಳಿ ಪಠ್ಯಕ್ಕೆ ಬರುವುದು. ಈ ಕಾನೂನುಗಳೆಲ್ಲ ಅಂದೇ ಇದ್ದಿದ್ದರೆ ಚೋಮನ ಕತೆ ಹೇಗೆ ಮುಗಿಯುತ್ತಿತ್ತು ಎಂದು ಕೇಳಿ. ನಿಜವಾದ ಪಾಠ ಶುರುವಾಗುವುದು ಇಲ್ಲಿಂದ.

ನಾನು ಪ್ರೌಢಶಾಲೆಯಲ್ಲಿ ಈ ಪಾಠ ಮಾಡುತ್ತಿದ್ದಾಗ ಹತ್ತನೆಯ ತರಗತಿಯ ಒಬ್ಬ ಹುಡುಗ ಎದ್ದುನಿಂತು, "ಸಾರ್, ಉಳುವವನಿಗೇ ಭೂಮಿ ಅಂತ ಕಾನೂನು ಬಂತಲ್ಲ, ಆಗ ಚೋಮನ ಮೊಮ್ಮಗನಿಗಾದರೂ ಗದ್ದೆ ಸಿಗುತ್ತಿತ್ತಾ?" ಎಂದು ಕೇಳಿದ. ಸಿಗುತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ರಾತ್ರಿ ಹುಡುಕಿದಾಗ ತಿಳಿದದ್ದು ಇಷ್ಟು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಗೇಣಿದಾರನಾಗಿ ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಒಡೆತನ ಪಡೆಯಬಹುದಿತ್ತು. ಕರಾವಳಿಯಲ್ಲಿ ಬಹಳ ಕುಟುಂಬಗಳ ಬದುಕನ್ನು ಈ ಕಾಯಿದೆ ಬದಲಿಸಿತು. ಆದರೆ ಅರ್ಜಿ ಹಾಕಲು ಗೇಣಿದಾರನಾಗಿರಬೇಕು. ಚೋಮ ಕೇಳಿದ್ದು ಗೇಣಿಯನ್ನೇ. ಸಿಗದೆ ಹೋದದ್ದೂ ಅದೇ. ಅಂದು ಜಾತಿಯ ಕಾರಣಕ್ಕೆ ಗೇಣಿ ಸಿಗದವನ ಮೊಮ್ಮಗನಿಗೆ ನಲವತ್ತು ವರ್ಷಗಳ ನಂತರ ನ್ಯಾಯಮಂಡಳಿಯ ಮುಂದೆ ತೋರಿಸಲು ಗೇಣಿಯೇ ಇರುತ್ತಿರಲಿಲ್ಲ. ಮಿತಿಗಿಂತ ಹೆಚ್ಚಾದ ಭೂಮಿಯನ್ನು ಭೂಹೀನರಿಗೆ ಹಂಚುವ ಇನ್ನೊಂದು ದಾರಿ ಕಾಯಿದೆಯಲ್ಲಿತ್ತು. ಅದು ಬೇರೆ ಬಾಗಿಲು, ಬೇರೆ ಸಾಲು.

ಹಳೆಯ ಅನ್ಯಾಯವೊಂದು ಹೊಸ ನ್ಯಾಯದ ಒಳಗೂ ಹೀಗೆ ಮುಂದುವರಿಯಬಲ್ಲದು. ಮಾರನೆಯ ದಿನ ಇದನ್ನು ತರಗತಿಯಲ್ಲಿ ಹೇಳಿದೆ. ಆ ಹುಡುಗ ತಲೆಯಾಡಿಸಿ ಕುಳಿತ. ಅವನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಇನ್ನೆರಡು ಪಠ್ಯಗಳು

ಇದೇ ಕ್ರಮವನ್ನು ಬೇರೆ ಕೃತಿಗಳಿಗೂ ಬಳಸಬಹುದು. ಕುವೆಂಪು ಅವರ 'ಜಲಗಾರ' ನಾಟಕ 1928ರದು. ಬೀದಿ ಗುಡಿಸುವ ಜಲಗಾರನ ಮುಂದೆ ಶಿವನೇ ಜಲಗಾರನಾಗಿ ಬರುತ್ತಾನೆ. ದೇವಾಲಯಕ್ಕೆ ಹೋಗಲಾರದವನ ಬಳಿಗೆ ದೇವರೇ ಬೀದಿಗೆ ಇಳಿದು ಬಂದ ಕತೆ ಇದು. ಚಿಕ್ಕ ನಾಟಕವಾದ್ದರಿಂದ ತರಗತಿಯಲ್ಲಿ ಓದಿಸುವುದೂ ಆಡಿಸುವುದೂ ಸುಲಭ.

ಇದರ ಜೊತೆಗೆ ಕಾನೂನಿನ ಕತೆಯನ್ನು ಇಡಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ಮುಂದಾದರು. ಇಡೀ ದೇಶದ ಮಟ್ಟದಲ್ಲಿ ಕಾಯಿದೆ ಬಂದದ್ದು 1993ರಲ್ಲಿ. ಅದು ಸಾಲದೆ ಹೋಗಿ 2013ರಲ್ಲಿ ಇನ್ನೊಂದು ಕಾಯಿದೆ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದದ್ದೇ ಸಾವುಗಳು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ನಾಟಕದಿಂದ ಈ ತೀರ್ಪಿನವರೆಗೆ 95 ವರ್ಷ. ಈ ದಿನಾಂಕಗಳನ್ನು ಒಂದು ಗೆರೆಯ ಮೇಲೆ ಮಕ್ಕಳಿಂದಲೇ ಬರೆಸಿ. ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ತ್ರಿವೇಣಿಯವರ 'ಶರಪಂಜರ' ಇನ್ನೊಂದು. ಪುಟ್ಟಣ್ಣ ಕಣಗಾಲ್ ಅವರ 1971ರ ಚಲನಚಿತ್ರದ ಮೂಲಕ ಮನೆಮನೆಗೂ ತಿಳಿದ ಕತೆ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಹೆಣ್ಣುಮಗಳನ್ನು ಮನೆಯವರೂ ನೆರೆಯವರೂ ಗುಣವಾದವಳೆಂದು ಒಪ್ಪುವುದಿಲ್ಲ. ಇಲ್ಲಿ ಪೊಲೀಸರಿಲ್ಲ, ಜಮೀನ್ದಾರನಿಲ್ಲ. ಹಕ್ಕು ಕಳೆಯುವುದು ನಮ್ಮ ನಿಮ್ಮಂಥವರ ಪಿಸುಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇಂಥ ರೋಗಿಗಳ ಘನತೆಯನ್ನು ಹಕ್ಕೆಂದು ಗುರುತಿಸಿದೆ. ಪಿಸುಮಾತನ್ನು ಯಾವ ಕಾಯಿದೆ ತಡೆದೀತು ಎಂಬುದು ತರಗತಿಗೆ ಒಳ್ಳೆಯ ಚರ್ಚೆ.

ಪಠ್ಯಗಳನ್ನು ಆರಿಸುವಾಗ ಒಂದು ವಿಷಯ ನೆನಪಿಡಿ. ಅನ್ಯಾಯವೆಲ್ಲ ಬೇರೆಯವರ ಮನೆಯಲ್ಲಿಯೇ ನಡೆಯುತ್ತದೆ ಎಂಬ ಭಾವನೆ ಮಕ್ಕಳಿಗೆ ಬರಬಾರದು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿಸಿದರೆ, ಇನ್ನೊಂದು ಸಮುದಾಯದ ಮನೆಯೊಳಗಿನ ಹೆಣ್ಣಿನ ಕಷ್ಟವನ್ನು ಹೇಳುವ ಕೃತಿಯನ್ನೂ ಅದರ ಪಕ್ಕದಲ್ಲಿ ಓದಿಸಿ. ಆ ಕಾದಂಬರಿ ತನ್ನ ಮನೆಯನ್ನು ತಾನೇ ಪ್ರಶ್ನಿಸಿಕೊಂಡ ಕೃತಿ. ಓದುವ ಪ್ರತಿಯೊಬ್ಬರೂ ತಮ್ಮ ಮನೆಯನ್ನು ಪ್ರಶ್ನಿಸಿಕೊಂಡಾಗ ಮಾತ್ರ ಅದಕ್ಕೆ ನ್ಯಾಯ ಸಲ್ಲುತ್ತದೆ.

ತರಗತಿಯಲ್ಲಿ ಕುಳಿತ ಮಗು

ಇನ್ನು ಎಚ್ಚರಿಕೆಯ ಮಾತು. ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು.

ಮೇಲೆ ಹೇಳಿದ ಪ್ರಶ್ನೆ ಬರುವುದಕ್ಕೆ ಒಂದು ವಾರದ ಮೊದಲು, ಅದೇ ಪಾಠವನ್ನು ಆರಂಭಿಸುತ್ತ ಉತ್ಸಾಹದಿಂದ, "ಇಂಥದ್ದು ನಮ್ಮ ಊರಿನಲ್ಲಿಯೂ ಇದೆಯೇ?" ಎಂದು ಕೇಳಿದ್ದೆ. ಯಾರೂ ಉತ್ತರ ಹೇಳಲಿಲ್ಲ. ಆದರೆ ಮೂವತ್ತೆಂಟು ಮಕ್ಕಳು ಒಟ್ಟಿಗೆ ತಿರುಗಿ ಕಿಟಕಿಯ ಪಕ್ಕದ ಒಬ್ಬ ಹುಡುಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಮುಂದಿನ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಘನತೆಯ ಪಾಠ ಹೇಳಲು ಹೋಗಿ ಒಬ್ಬನ ಘನತೆಯನ್ನು ಎಲ್ಲರ ಎದುರಿಗೆ ಕಳೆದಿದ್ದೆ. ಐದನೆಯ ದಿನ ನಾನೇ ಅವನ ಮನೆಗೆ ಹೋಗಿ, ನನ್ನಿಂದ ತಪ್ಪಾಯಿತು ಎಂದು ಅವನಿಗೂ ಅವನ ತಾಯಿಗೂ ಹೇಳಿದೆ. ಆ ತಾಯಿ, "ಬಿಡಿ ಸಾರ್, ಓದಿಸೋದು ನಿಲ್ಲಿಸಬೇಡಿ" ಎಂದರು. ಚೋಮನ ಮೊಮ್ಮಗನ ಬಗ್ಗೆ ಕೇಳಿದವನು ಈ ಹುಡುಗನೇ.

ಅಂದಿನಿಂದ ನಾನು ಪಾಲಿಸುವ ಕೆಲವು ನಿಯಮಗಳಿವೆ. ನಿಮಗೂ ಉಪಯೋಗವಾಗಬಹುದು.

ಪ್ರಶ್ನೆಗಳೆಲ್ಲ ಪಾತ್ರದ ಬಗ್ಗೆ ಇರಲಿ. ಮಗುವಿನ ಜಾತಿ, ಧರ್ಮ, ಮನೆ, ತಂದೆಯ ಕೆಲಸ ಇವುಗಳ ಬಗ್ಗೆ ತರಗತಿಯಲ್ಲಿ ಕೇಳಬೇಡಿ. ತನ್ನ ಬದುಕಿನ ಮಾತನ್ನು ಹೇಳುವುದೋ ಬೇಡವೋ ಎಂಬುದು ಆ ಮಗುವಿನ ಹಕ್ಕು.

ಶೋಷಿತನ ಪಾತ್ರವನ್ನು ಓದಲು ಅದೇ ಸಮುದಾಯದ ಮಗುವನ್ನು ಕರೆಯಬೇಡಿ. ಪಾತ್ರಗಳನ್ನು ಚೀಟಿ ಎತ್ತಿ ಹಂಚಿ.

ಅನುಭವ ಬರೆಯಬೇಕೆನಿಸಿದವರಿಗೆ ಹೆಸರಿಲ್ಲದ ಚೀಟಿಯಲ್ಲಿ ಬರೆಯಲು ಅವಕಾಶ ಕೊಡಿ. ಆ ಚೀಟಿಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಚಿಕ್ಕ ಊರಿನಲ್ಲಿ ಅಕ್ಷರ ನೋಡಿದರೂ ಮಾತು ಕೇಳಿದರೂ ಯಾರದೆಂದು ತಿಳಿದುಬಿಡುತ್ತದೆ.

ಕೈಯಲ್ಲಿ ಬೆತ್ತ ಹಿಡಿದು ಹಕ್ಕಿನ ಪಾಠ ಹೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೀಯಾಳಿಕೆಯೂ ಕಿರುಕುಳವೇ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕತೆ ಕೇಳಿದ ಮಗು ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲಬಹುದು. ಮನೆಯಲ್ಲಿ ಮದುವೆ ಗೊತ್ತುಮಾಡಿದ್ದಾರೆ ಎನ್ನಬಹುದು. ಯಾರೋ ಮೈ ಮುಟ್ಟುತ್ತಾರೆ ಎನ್ನಬಹುದು. ಆ ಹೊತ್ತಿನಲ್ಲಿ ನೀವು ಸಾಹಿತ್ಯದ ಅಧ್ಯಾಪಕರಾಗಿಯಷ್ಟೇ ಉಳಿಯಲು ಸಾಧ್ಯವಿಲ್ಲ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ಮದುವೆ ಮಾಡುವುದನ್ನು 2006ರ ಕಾಯಿದೆ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ನಿಮ್ಮ ಗಮನಕ್ಕೆ ಬಂದರೆ, 2012ರ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಇದನ್ನು ಶಾಲೆಯ ಗೋಡೆಯ ಮೇಲೆ ಬರೆಸಿ. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎಂದು ಹೇಳಿ. ಈ ಸಿದ್ಧತೆ ಇಲ್ಲದೆ ಇಂಥ ಪಾಠಗಳನ್ನು ಆರಂಭಿಸಬಾರದು.

ಪ್ರಶ್ನೆಯ ಪುಸ್ತಕ

ಈಗ ನಿಮ್ಮ ಓದಿನ ವಿಷಯಕ್ಕೆ ಬರೋಣ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ತರಗತಿಯಲ್ಲಿ ಮಕ್ಕಳು ಕೇಳಿದ, ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ದಿನಾಂಕ ಹಾಕಿ ಅದರಲ್ಲಿ ಬರೆಯಿರಿ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಆಮೇಲೆ ಹುಡುಕಿ ತಿಳಿದದ್ದು, ಯಾವ ಪುಸ್ತಕದ ಯಾವ ಪುಟ ಎಂಬುದು. ವಾರಕ್ಕೆ ಒಂದು ಪ್ರಶ್ನೆಯಾದರೂ ವರ್ಷಕ್ಕೆ ಮೂವತ್ತು ನಲವತ್ತು ಸೇರುತ್ತವೆ. ವರ್ಷದ ಕೊನೆಯಲ್ಲಿ ಅವನ್ನು ಒಟ್ಟಿಗೆ ಓದಿ. ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಮರಳಿ ಬಂದಿರುವುದು ಕಾಣುತ್ತದೆ. ನಿಮ್ಮ ಸಂಶೋಧನೆಯ ವಿಷಯ ಅಲ್ಲಿದೆ.

ಪಿಎಚ್.ಡಿ. ಸಂದರ್ಶನದಲ್ಲಿ ಬಹಳ ಮಂದಿ ಎಡವುವುದು ವಿಷಯದ ಆಯ್ಕೆಯಲ್ಲಿ. "ಕನ್ನಡ ಸಾಹಿತ್ಯದಲ್ಲಿ ಮಾನವ ಹಕ್ಕುಗಳು" ಎಂಬುದು ಸಂಶೋಧನೆಯ ವಿಷಯವಾಗಲಾರದು. ಪಂಪನಿಂದ ಇಂದಿನವರೆಗೆ ಎಲ್ಲವನ್ನೂ ಓದಿದರೂ ಅದು ಮುಗಿಯುವುದಿಲ್ಲ. ಅದನ್ನು ಕಾಲದಿಂದ, ಪ್ರಕಾರದಿಂದ, ಒಂದು ಹಕ್ಕಿನಿಂದ ಕಿರಿದುಗೊಳಿಸಬೇಕು. ಆ ಹುಡುಗನ ಪ್ರಶ್ನೆಯನ್ನೇ ನೋಡಿ. "1974ರ ನಂತರದ ಕನ್ನಡ ಕಾದಂಬರಿಗಳಲ್ಲಿ ಗೇಣಿಯೂ ಇಲ್ಲದ ಭೂಹೀನ ಕೂಲಿಕಾರ" ಎಂದು ಬರೆದುಕೊಂಡರೆ, ಯಾವ ಕೃತಿಗಳನ್ನು ಓದಬೇಕು, ಯಾವ ಕಾಯಿದೆಯನ್ನು ನೋಡಬೇಕು, ವಿಧಾನಮಂಡಲದ ಯಾವ ವರ್ಷದ ಚರ್ಚೆಗಳನ್ನು ಹುಡುಕಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ. "ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ?" ಎಂದು ಸಂದರ್ಶಕರು ಕೇಳಿದಾಗ ನಿಮ್ಮ ಬಳಿ ನಿಜವಾದ ಉತ್ತರವೂ ಇರುತ್ತದೆ.

ಒಂದು ಮಾತು. ಮಕ್ಕಳ ಚೀಟಿಗಳನ್ನೂ ನೋಟ್‌ಬುಕ್‌ಗಳನ್ನೂ ಅನುಮತಿಯಿಲ್ಲದೆ ಸಂಶೋಧನೆಯ ಸಾಮಗ್ರಿ ಮಾಡಿಕೊಳ್ಳಬಾರದು. ಮಗುವಿನ, ಹೆತ್ತವರ, ಶಾಲೆಯ ಒಪ್ಪಿಗೆ ಬೇಕು, ಹೆಸರು ಮರೆಮಾಡಬೇಕು. ಹಕ್ಕುಗಳ ಬಗ್ಗೆ ಬರೆಯುವ ಪ್ರಬಂಧ ಮಗುವಿನ ಹಕ್ಕನ್ನು ತುಳಿದು ನಿಲ್ಲಬಾರದು.

ಪ್ರವೇಶದ ದಾರಿ

ಬಿ.ಎ., ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿದವರು ಮೊದಲು ಎಂ.ಎ. ಮುಗಿಸಬೇಕು. ಕೆಲಸದಲ್ಲಿರುವವರು ಇದನ್ನು ದೂರಶಿಕ್ಷಣದ ಮೂಲಕ ಮಾಡಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಿಂದ ಇವೆ. ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟುವ ಮೊದಲು ಆ ವರ್ಷ, ಆ ಕೋರ್ಸಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿ. ಮಧ್ಯವರ್ತಿಗಳ ಮಾತನ್ನು ನಂಬಬೇಡಿ.

ಎಂ.ಎ.ಯಲ್ಲಿ ಶೇಕಡ 55 ಅಂಕ ಬರುವಂತೆ ನೋಡಿಕೊಳ್ಳಿ. 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಇದು ಕನಿಷ್ಠ ಅರ್ಹತೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡ 5ರ ರಿಯಾಯಿತಿ ಇದೆ. ಹಿಂದೆ ಪಿಎಚ್.ಡಿ.ಗೆ ಮೊದಲು ಎಂ.ಫಿಲ್. ಮಾಡುವ ರೂಢಿ ಇತ್ತು. 2022ರ ನಿಯಮಗಳು ಎಂ.ಫಿಲ್. ಅನ್ನು ನಿಲ್ಲಿಸಿವೆ. ಈಗಲೂ ಎಂ.ಫಿಲ್. ಪ್ರವೇಶ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದೂರವಿರಿ.

ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡುವಂತಿಲ್ಲ. ಆದರೆ ಕೆಲಸದಲ್ಲಿದ್ದುಕೊಂಡು ಅರೆಕಾಲಿಕವಾಗಿ ಮಾಡಲು ಅವಕಾಶವಿದೆ. ಇದಕ್ಕೆ ನಿಮ್ಮ ಮೇಲಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದರಲ್ಲಿ ಮೂರು ವಿಷಯಗಳು ಇರಬೇಕು. ನಿಮಗೆ ಅರೆಕಾಲಿಕ ವ್ಯಾಸಂಗಕ್ಕೆ ಅನುಮತಿ ಇದೆ ಎಂಬುದು, ನಿಮ್ಮ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ ಎಂಬುದು, ಅಗತ್ಯವಿದ್ದರೆ ಕೋರ್ಸ್‌ವರ್ಕ್ ಮುಗಿಸಲು ನಿಮ್ಮನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂಬುದು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಈ ಪತ್ರಕ್ಕೆ ಓಡಾಡಬೇಡಿ, ತಿಂಗಳುಗಳ ಮೊದಲೇ ಮನವಿ ಕೊಡಿ.

ಕೋರ್ಸ್‌ವರ್ಕ್ ಸೇರಿ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಅವಧಿ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಪಡೆಯಬಹುದು. ಮಹಿಳೆಯರಿಗೆ ಇದರ ಮೇಲೆ ಇನ್ನೆರಡು ವರ್ಷ ಸಡಿಲಿಕೆಯೂ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆಯೂ ಇವೆ. ಕನ್ನಡದಲ್ಲಿಯೇ ಪ್ರಬಂಧ ಬರೆಯಬಹುದು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮುಖ್ಯ ಕೆಲಸವೇ ಸಂಶೋಧನೆ.

ಪ್ರವೇಶ ಪರೀಕ್ಷೆಯ ವಿಷಯ ತಿಳಿದಿರಲಿ. ಯುಜಿಸಿ ನೆಟ್ ಪರೀಕ್ಷೆಯ ಅಂಕಗಳನ್ನು 2024ರ ಜೂನ್‌ನಿಂದ ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ. ಇದರಲ್ಲಿ ಮೂರು ಗಂಟೆಯ ಒಂದೇ ಅವಧಿಯಲ್ಲಿ ಎರಡು ಪತ್ರಿಕೆಗಳು. ಮೊದಲನೆಯದರಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದರಲ್ಲಿ ನಿಮ್ಮ ವಿಷಯದ 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬೇಡಿ. ಕನ್ನಡ ಒಂದು ವಿಷಯವಾಗಿದೆ. 'ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು' ಎಂಬುದೂ ಪ್ರತ್ಯೇಕ ವಿಷಯವಾಗಿದೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆಯನ್ನೂ ನಡೆಸುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಿ.

ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯ ಒಂದು ಭಾಗ. ಇದು ನಿಮ್ಮ ನಿತ್ಯದ ಕೆಲಸ. ತೊಂದರೆ ಇನ್ನೊಂದು ಕಡೆ ಇದೆ. ಈ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಧೃತಿಗೆಡಬೇಕಾಗಿಲ್ಲ. ಸಂವಿಧಾನದ ವಿಧಿಗಳನ್ನೂ 1948ರ ಘೋಷಣೆಯನ್ನೂ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಕ್ಕಪಕ್ಕದಲ್ಲಿಟ್ಟು ದಿನಕ್ಕೆ ಒಂದು ಪುಟ ಓದಿ. ತರಗತಿಗೂ ಬೇಕಾದ ಓದು ಅದು, ಪರೀಕ್ಷೆಗೂ ಸಹಾಯವಾಗುತ್ತದೆ.

ಸಮಯದ ಮಾತು

ಬೆಳಗ್ಗೆ ಒಂದು ಗಂಟೆ ನಿಮ್ಮದೆಂದು ಇಟ್ಟುಕೊಳ್ಳಿ. ವಾರದ ದಿನಗಳಲ್ಲಿ ನಾಳೆಯ ಪಾಠಕ್ಕೆ ಸಂಬಂಧಿಸಿದ್ದನ್ನೇ ಸ್ವಲ್ಪ ಆಳವಾಗಿ ಓದಿ. ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ತಿಂಗಳಿಗೆ ಒಂದು ದಿನ ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ. ದಸರಾ ರಜೆಯಲ್ಲಿ ಒಂದು ಲೇಖನ ಬರೆಯಿರಿ, ಬೇಸಿಗೆ ರಜೆಯಲ್ಲಿ ಸಂಶೋಧನಾ ಪ್ರಸ್ತಾವನೆಯ ನಾಲ್ಕು ಪುಟ ಬರೆಯಿರಿ. ಹೆಣ್ಣುಮಕ್ಕಳಾದರೆ ಆ ಒಂದು ಗಂಟೆಯನ್ನು ಮನೆಯವರಿಂದ ಕೇಳಿ ಪಡೆಯಿರಿ. ಶಿಕ್ಷಣವೂ ಒಂದು ಹಕ್ಕು ಎಂದು ಮಕ್ಕಳಿಗೆ ಹೇಳುವವರು ತಮ್ಮ ಮನೆಯಲ್ಲಿ ಆ ಮಾತನ್ನು ಹೇಳಲು ಹಿಂಜರಿಯಬೇಕಾಗಿಲ್ಲ.

ಎಲ್ಲರಿಗೂ ಪ್ರವೇಶ ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಸಿಗದೆ ಹೋದರೂ ಆ ನೋಟ್‌ಬುಕ್ ನಿಮ್ಮ ಬಳಿ ಇರುತ್ತದೆ. ಮುಂದಿನ ವರ್ಷ ಅದೇ ಪಾಠ ಹೇಳುವಾಗ ನೀವು ಹಿಂದಿನ ವರ್ಷದ ಅಧ್ಯಾಪಕರಾಗಿರುವುದಿಲ್ಲ. ನಾಳೆ ತರಗತಿಯಲ್ಲಿ ಒಂದು ಮಗು ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಗದರಿಸಿ ಕೂರಿಸಬೇಡಿ. "ನನಗೆ ಗೊತ್ತಿಲ್ಲ, ಹುಡುಕಿ ಹೇಳುತ್ತೇನೆ" ಎಂದು ಹೇಳಿ, ಪ್ರಶ್ನೆಯನ್ನು ಬರೆದುಕೊಳ್ಳಿ. ಹೇಳಿದಂತೆ ಹುಡುಕಿ ಹೇಳಿ. ಮಗುವಿಗೆ ತನ್ನ ಮಾತಿಗೆ ಬೆಲೆ ಇದೆ ಎಂದು ತಿಳಿಯುತ್ತದೆ. ನಿಮ್ಮ ಓದು ಆ ದಿನದಿಂದ ಆರಂಭವಾಗುತ್ತದೆ.